ಅರ್ಪಣೆಯ ಪುಟದಲ್ಲಿ ನಿಂತು

ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ನಾವು ಈಚೆಗೆ ಓದಿ ಮುಗಿಸಿದೆವು. ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯೇ 2011ರಲ್ಲಿ ಹೊರತಂದ ಈ ಗ್ರಂಥ ಮಾಳಮಡ್ಡಿಯ ಕಥೋಲಿಕ ಮನೆಗಳಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಅಪರೂಪ. ಚಲನಚಿತ್ರರಂಗದ ಅಧ್ಯಾಯಗಳಲ್ಲಿ ಹೆಸರುಗಳ ಜಾತ್ರೆ ನೆರೆದು ಆಯಾಸವಾಗುತ್ತದೆ, ನಿಜ. ಆದರೆ ಅರ್ಪಣೆಯ ಪುಟವೇ ಓದುಗನನ್ನು ತಡೆದು ನಿಲ್ಲಿಸುತ್ತದೆ.

ಗ್ರಂಥವನ್ನು ಅರ್ಪಿಸಿರುವುದು ಪುಣೆಯ ವೈದ್ಯೆ ಮಧುಮಾಲತಿ ಗುಣೆಯವರಿಗೆ. ಈ ಗರ್ಭ ಬೇಡವೆಂದು ತಾಯಿ ಕೃಷ್ಣಾಬಾಯಿ ದವಾಖಾನೆಗೆ ಹೋದ ದಿನ ಆ ವೈದ್ಯೆ ಬರಲಿಲ್ಲ. ಕಾದು ಕಾದು ಮರಳಿದರು. 1938ರಲ್ಲಿ ಮಗು ಜನಿಸಿತು. ಧಾರವಾಡದ ಮನೆಯಲ್ಲಿ ಊಟದ ಹೊತ್ತಿಗೆ ತಾಯಿಯೇ ಈ ಮಾತನ್ನು ಹೊರಗೆಡಹಿದಾಗ ಮಗನಿಗೆ 35 ವರ್ಷ.

ಇದನ್ನು ಭ್ರೂಣಹತ್ಯೆಯ ವಿರುದ್ಧದ ಪ್ರಬೋಧನೆಗೆ ದೃಷ್ಟಾಂತವಾಗಿ ಎತ್ತಿಕೊಳ್ಳುವ ಆಸೆ ಗುರುಗಳಿಗೆ ಸಹಜ. ನಮಗೆ ಅದು ಒಪ್ಪಿಗೆಯಿಲ್ಲ. ಗರ್ಭಸ್ಥ ಶಿಶುವಿನ ಜೀವ ಪವಿತ್ರವೆಂಬುದು, ಆ ಶಿಶು ಮುಂದೆ ಜ್ಞಾನಪೀಠ ಪ್ರಶಸ್ತಿ ಪಡೆಯಿತೆಂಬುದನ್ನು ಅವಲಂಬಿಸಿಲ್ಲ. ಪ್ರಶಸ್ತಿ ಪಡೆಯದ ಶಿಶುವಿನ ಗತಿಯೇನು? ತರ್ಕಶಾಸ್ತ್ರದ ಮೊದಲ ತರಗತಿಯಲ್ಲೇ ಈ ವಾದ ಬಿದ್ದುಹೋಗುತ್ತದೆ.

ನಮ್ಮ ಮನಸ್ಸನ್ನು ಹಿಡಿದವರು ಆ ತಾಯಿ. ಎಳೆಯ ಮಗನೊಡನೆ ವೈಧವ್ಯಕ್ಕೆ ಬಿದ್ದು, ದಾದಿಯ ತರಬೇತಿ ಪಡೆದು, ಸಮಾಜದ ಮೂದಲಿಕೆಯ ನಡುವೆ ಮರುವಿವಾಹವಾದವರು. ಮಗ ಅವರ ಮಾತನ್ನು ಬಚ್ಚಿಡಲಿಲ್ಲ, ಅವರ ಮೇಲೆ ತೀರ್ಪನ್ನೂ ಹೇರಲಿಲ್ಲ. ನಮ್ಮ ಮನೆಗಳಲ್ಲಿ ತಾಯಂದಿರು ಇಂಥದನ್ನು ಊಟದ ಹೊತ್ತಿನಲ್ಲಿ ಹೇಳಬಲ್ಲರೇ? ಪಾಪನಿವೇದನೆಯ ಪೀಠದಾಚೆಗೆ ಅವರ ಮಾತಿಗೆ ಕಿವಿಗೊಡುವವರು ಯಾರು?

ಕನ್ನಡ ಓದಲು ತಡವರಿಸುವ ಮಕ್ಕಳಿಗೆ 2021ರ ಇಂಗ್ಲಿಷ್ ಅನುವಾದವಿದೆ. ಹಿರಿಯರು ಕನ್ನಡದಲ್ಲೇ ಓದಲಿ. ‘ಆಡಾಡತ’ ಎಂಬ ಒಂದು ಪದದ ಸೊಗಡೂ ಅನುವಾದಕ್ಕೆ ಸಿಕ್ಕುವಂಥದಲ್ಲ.