ಅವ್ವ ರದ್ದಿಗೆ ಹಾಕಿದಳಂತೆ!

ಹಳೆಯ ಕ್ರಿಕೆಟ್ ಆಟಗಾರರ ಚಿತ್ರ ಕೂಡಿಡುವ ಹುಚ್ಚಿನ ಗಂಡಸರು ನಾಲ್ಕು ಮಂದಿ ಸೇರಿದರೆ ಸಾಕು, ಒಬ್ಬರಾದರೂ ನಿಟ್ಟುಸಿರು ಬಿಡುತ್ತಾರೆ: "ನಮ್ಮನ್ಯಾಗೂ ಇದ್ವು, ನಮ್ಮವ್ವ ರದ್ದಿಗೆ ಹಾಕಿಬಿಟ್ಲು." ಕೇಳಿ ಕೇಳಿ ಸಾಕಾಗಿದೆ. ಇವತ್ತು ಅವ್ವಂದಿರ ಪರ ವಕಾಲತ್ತು ಹಾಕಲೇಬೇಕೆಂದು ಕೂತಿದ್ದೇನೆ.

ನಮ್ಮ ಮಾವನವರದು ತಂಬ್ರಹಳ್ಳಿ. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತಲ್ಲ, ಅವರು ತರಿಸುತ್ತಿದ್ದ ಪತ್ರಿಕೆಯೂ ಮದರಾಸಿನದೇ. 'ಸ್ಪೋರ್ಟ್ ಅಂಡ್ ಪಾಸ್‌ಟೈಮ್' ವಾರಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ವಿಜಯ್ ಹಜಾರೆ, ಪಾಲಿ ಉಮ್ರಿಗರ್, ಸುಭಾಷ್ ಗುಪ್ತೆ ಎಲ್ಲರೂ ಇದ್ದರು. 1952ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡನ್ನು ಸೋಲಿಸಿ ಭಾರತ ಮೊಟ್ಟಮೊದಲ ಟೆಸ್ಟ್ ಗೆದ್ದಾಗ ಮೊದಲ ಇನ್ನಿಂಗ್ಸಿನಲ್ಲೇ 8 ವಿಕೆಟ್ ಕಿತ್ತ ವಿನೂ ಮಂಕಡ್ ಎಲ್ಲರಿಗಿಂತ ಮೇಲೆ.

ಅಂಟಿಸುವುದಷ್ಟೇ ಮಾವನವರ ಕೆಲಸ. ಮೈದಾ ಅಂಟು ಕಾಸಿ ಕೊಡುವುದು, ಮಳೆಗಾಲ ಮುಗಿದೊಡನೆ ಬಿಸಿಲಿಗೆ ಹರಡುವುದು, ಬೇವಿನೆಲೆ ಹಾಕಿ ಟ್ರಂಕಿನಲ್ಲಿ ಜೋಡಿಸುವುದು ಅತ್ತೆಯ ಪಾಲು. ಹೀಗೆ ಇಪ್ಪತ್ತು ವರ್ಷ ನಡೆಯಿತು. ಕಡೆಗೆ ಹುಳ ಹಿಡಿದು ರಟ್ಟೆಲ್ಲ ಪುಡಿಪುಡಿಯಾದಾಗ ಉಳಿದದ್ದನ್ನು ರದ್ದಿಯವನಿಗೆ ಕೊಟ್ಟರು. ಇಪ್ಪತ್ತು ವರ್ಷ ಕಾಪಾಡಿದ್ದು ಯಾರಿಗೂ ನೆನಪಿಲ್ಲ. ಆ ಒಂದು ದಿನ ಮಾತ್ರ ಇಡೀ ವಂಶಕ್ಕೇ ನೆನಪಿದೆ.

ಇದು ನಮ್ಮೂರೊಂದರ ಕತೆಯಲ್ಲ. ನಮ್ಮ ಮಕ್ಕಳು ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡು ಕೂಡಿಟ್ಟ ಹಾಗೆ ಅಮೆರಿಕದ ಹುಡುಗರು ಬೇಸ್‌ಬಾಲ್ ಕಾರ್ಡು ಕೂಡಿಡುತ್ತಿದ್ದರು. ಈಗ ಮುದುಕರಾಗಿ ಅವರೂ ಅಮ್ಮನನ್ನೇ ದೂರುತ್ತಾರೆ. ಯಾಕೆಂದರೆ ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದೇ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! ಆದರೆ ಅದೇ ಸಾಲಿನಲ್ಲಿ ಮಾರಾಟವಾಗದೆ ಉಳಿದ ಕಾರ್ಡುಗಳನ್ನು 1960ರಲ್ಲಿ ದೋಣಿಗೆ ಹೇರಿ ಸಮುದ್ರಕ್ಕೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ತಾವೇ ಹೇಳಿಕೊಂಡಿದ್ದರು. ಸಮುದ್ರಕ್ಕೆ ಸುರಿದವರಿಗೆ ಒಂದು ಬೈಗುಳವಿಲ್ಲ, ಮನೆ ಗುಡಿಸಿದವಳಿಗೆ ಜನ್ಮವಿಡೀ ಬೈಗುಳ! ಎಲ್ಲ ತಾಯಂದಿರೂ ಎಲ್ಲ ಕಾರ್ಡನ್ನೂ ಜೋಪಾನ ಮಾಡಿದ್ದರೆ ಅದು ನಾಲ್ಕಾಣೆಗೂ ಹೋಗುತ್ತಿರಲಿಲ್ಲ ಎಂಬ ಸಣ್ಣ ಲೆಕ್ಕ ಇವರಿಗೆ ತಿಳಿಯದೆ?

ನನ್ನ ಮೈದುನ ಈಗ ಹಳೆಯ ಚಿತ್ರಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ. ಸಂತೋಷ. ಆದರೆ ಅವನ ಆಲ್ಬಮ್ಮಿನಲ್ಲಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಇಲ್ಲ. 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ಭಾರತದ ಹೆಣ್ಣುಮಕ್ಕಳಿಗೆ ಮೊದಲ ಟೆಸ್ಟ್ ಗೆಲುವು ತಂದ ನಾಯಕಿ ಆಕೆ. ಕೇಳಿದರೆ, "ಅದ್ಯಾರಿಗೆ ಬೇಕ್ರೀ ಅತ್ತಿಗೆ?" ಅಂತಾನೆ. ಆಯಿತಪ್ಪ, ಈ ಚಿತ್ರವನ್ನು ಯಾವ ಅವ್ವ ರದ್ದಿಗೆ ಹಾಕಿದಳು ಹೇಳು? ಕತ್ತರಿಸಿ ಇಡಬೇಕೆಂದು ನಿಮಗೇ ಅನಿಸಲಿಲ್ಲ, ಅಷ್ಟೇ.

ಕೂಡಿಡುವವರು ಕೂಡಿಡಲಿ. ಆದರೆ ತಮ್ಮ ಟ್ರಂಕು ತಾವೇ ಒರೆಸಲಿ, ತಾವೇ ಬಿಸಿಲಿಗೆ ಹಾಕಲಿ. ಹಾಗೆ ಹತ್ತು ವರ್ಷ ಮಾಡಿದ ಗಂಡಸು ಬಂದು ಅವ್ವನನ್ನು ದೂರಿದರೆ ಕೇಳೋಣ. ಅಲ್ಲಿಯವರೆಗೆ ಅಕ್ಕಂದಿರೇ, ಮನೆಯ ಹುಡುಗಿಯರ ಕೈಗೂ ಒಂದು ಕತ್ತರಿ ಕೊಡಿ, ಅವರಿಗೆ ಬೇಕಾದ ಮುಖಗಳನ್ನು ಅವರೂ ಕತ್ತರಿಸಿ ಇಟ್ಟುಕೊಳ್ಳಲಿ.