ಮಾವನ ಅಟ್ಟದ ಮೇಲಿನ ಕಲ್ಲು, ಮದ್ದೂರಿನ ಉಲ್ಕೆ ಮತ್ತು ಒಂದು ಹಿಡಿ ಇದ್ದಿಲು

ಮೊನ್ನೆ ಗುಬ್ಬಿ ಕಡೆ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಊಟ ಆದ ಮೇಲೆ ಮಾವ ಅಟ್ಟದಿಂದ ಒಂದು ಟವೆಲ್ ಗಂಟು ಇಳಿಸಿ ಬಿಚ್ಚಿದರು. ಒಳಗೆ ಮುಷ್ಟಿ ಗಾತ್ರದ ಒಂದು ಕಪ್ಪು ಕಲ್ಲು.

"ನೋಡಪ್ಪ, ಇದು ಆಕಾಶದಿಂದ ಬಿದ್ದಿದ್ದಂತೆ. ಒಳಗೆ ಇರಿಡಿಯಂ ಐತಂತೆ. ಒಬ್ಬ ಬಂದಿದ್ದ, ಇಪ್ಪತ್ತು ಲಕ್ಷಕ್ಕೆ ಮಾರಿಸಿಕೊಡ್ತೀನಿ ಅಂದ."

"ಕೊಡಿಸಿದನಾ ಮಾವ?"

"ಎಲ್ಲಿ ಬಂತು... ಟೆಸ್ಟಿಂಗಿಗೆ ಅಂತ ನನ್ ಕೈಯಿಂದಲೇ ಹದಿನೈದು ಸಾವಿರ ಇಸ್ಕೊಂಡು ಹೋದ. ಆಮೇಲೆ ಫೋನೇ ಎತ್ತಲಿಲ್ಲ."

ಕಲ್ಲನ್ನು ತಿರುಗಿಸಿ ನೋಡಿದೆ. ತುಂಬಾ ಸಣ್ಣ ಸಣ್ಣ ತೂತು, ಅಲ್ಲಲ್ಲಿ ಗಾಜಿನಂಥ ಹೊಳಪು. ಅದು ಕಿಟ್ಟ. ಹಿಂದೆ ನಮ್ಮ ಕಡೆ ಕುಲುಮೆ ಇಟ್ಟು ಕಬ್ಬಿಣ ಕರಗಿಸುತ್ತಿದ್ದರಲ್ಲ, ಆಗ ಉಳಿದ ಕಸ. ಉಲ್ಕಾಶಿಲೆಯ ಒಳಗೆ ಹಾಗೆ ಗುಳ್ಳೆ ಗುಳ್ಳೆ ತೂತು ಇರೋದಿಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸು ಬೇರೆ ಇದೆ. ಭಾರವಾದ ಕಪ್ಪು ಕಲ್ಲು ಬೇಕಾದಷ್ಟು ಸಿಗುತ್ತೆ. ಅವೆಲ್ಲ ನಮ್ಮ ನೆಲದ ಮಕ್ಕಳೇ.

ಇನ್ನು ಇರಿಡಿಯಂ ವಿಷಯ. "ರೈಸ್ ಪುಲ್ಲಿಂಗ್" ಅಂತ ಹೇಳಿಕೊಂಡು ಎಷ್ಟು ಜನರ ಮನೆ ತೊಳೆದಿದ್ದಾರೋ ಲೆಕ್ಕವಿಲ್ಲ. ನಿಜವಾದ ಉಲ್ಕಾಶಿಲೆಯಲ್ಲೂ ಇರಿಡಿಯಂ ಇರುತ್ತೆ, ಸುಳ್ಳಲ್ಲ. ಎಷ್ಟು ಗೊತ್ತಾ? ಸಾಮಾನ್ಯ ಉಲ್ಕಾಶಿಲೆಯಾದರೆ ಒಂದು ಟನ್ನಿಗೆ ಅರ್ಧ ಗ್ರಾಂ ಆಸುಪಾಸು! ಮಾವನ ಕಲ್ಲು ಆಕಾಶದಿಂದಲೇ ಬಿದ್ದಿದ್ದರೂ ಅದರೊಳಗಿನ ಇರಿಡಿಯಂ ಕಣ್ಣಿಗೂ ಕಾಣುತ್ತಿರಲಿಲ್ಲ.

ಆದರೆ ನನ್ನ ಬೇಜಾರು ಬರೀ ಮೋಸದ ಬಗ್ಗೆ ಅಲ್ಲ. ನಾವು ಹುಡುಕುತ್ತಿರುವ ಕಲ್ಲೇ ತಪ್ಪು ಅನ್ನೋದು ನನ್ನ ತಕರಾರು. ಭಾರ ಇರಬೇಕು, ಆಯಸ್ಕಾಂತಕ್ಕೆ ಅಂಟಬೇಕು, ಹೊಳೆಯಬೇಕು ಅಂದುಕೊಂಡಿದ್ದೇವೆ. ವಿಜ್ಞಾನಕ್ಕೆ ಅತಿ ಹೆಚ್ಚು ಬೆಲೆಬಾಳುವ ಉಲ್ಕಾಶಿಲೆ ನೋಡೋಕೆ ಒಲೆಯಿಂದ ತೆಗೆದ ಇದ್ದಿಲಿನ ಹಾಗಿರುತ್ತೆ. ಹೊಲದಲ್ಲಿ ಸಿಕ್ಕಿದರೆ ಯಾರೋ ಬೆಂಕಿ ಹಾಕಿದ್ರು ಅಂತ ದಾಟಿಕೊಂಡು ಹೋಗ್ತೀವಿ.

ನಮ್ಮ ಹತ್ತಿರದ ನಿಜವಾದ ಕಥೆ ಒಂದಿದೆ. ಕುಣಿಗಲ್ಲಿಂದ ಹುಲಿಯೂರುದುರ್ಗದ ಮೇಲೆ ಹೋದರೆ ಮದ್ದೂರು. ಮದ್ದೂರು ಅಂದ್ರೆ ನಮಗೆಲ್ಲ ವಡೆ. ಆದರೆ 1865ರ ಸೆಪ್ಟೆಂಬರ್ 21ರಂದು ಆ ಸೀಮೆಯಲ್ಲಿ ನಾಲ್ಕು ಕೆಜಿಗೂ ಹೆಚ್ಚು ತೂಕದ ಉಲ್ಕಾಶಿಲೆ ಬಿತ್ತು. ಬ್ರಿಟಿಷರ ಕಾಲದ ಸ್ಪೆಲ್ಲಿಂಗಿನಿಂದಾಗಿ ಪ್ರಪಂಚದ ಪಟ್ಟಿಯಲ್ಲಿ ಅದು ಇವತ್ತಿಗೂ "ಮುಡ್ಡೂರ್". ಅದಕ್ಕೆ ತಿಂಗಳೊಳಗೆ ಹಿಂದೆ, ಆಗಸ್ಟ್ 25ಕ್ಕೆ, ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದು ಅಂತ ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಗೊತ್ತಾಯಿತು. ಮುಂದಿನ ವರ್ಷ, 1866ರ ಏಪ್ರಿಲ್‌ನಲ್ಲಿ, ಉಡುಪಿಯಲ್ಲೂ ಒಂದು ಬಿತ್ತು. ಇಷ್ಟನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನಂತೂ ಓದಿಲ್ಲ.

ಮದ್ದೂರಿನ ಕಲ್ಲಿನ ದರ್ಜೆ ಎಲ್5. ಎಲ್ ಅಂದರೆ ಕಬ್ಬಿಣ ಕಡಿಮೆ. 5 ಅಂದರೆ ಚೆನ್ನಾಗಿ ಬೆಂದಿದೆ ಅಂತ. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮಗೆ ರಾಗಿಗಿಂತ ಒಳ್ಳೆ ಉದಾಹರಣೆ ಬೇಡ. ಸೌರವ್ಯೂಹ ಹುಟ್ಟುವಾಗ ಧೂಳು, ಅನಿಲದ ತಟ್ಟೆಯೊಳಗೆ ಕರಗಿ ಗಟ್ಟಿಯಾದ ಪುಟ್ಟ ಗುಂಡುಗಳು ಇದ್ದವು, ಹೆಚ್ಚುಕಮ್ಮಿ ರಾಗಿಕಾಳಿನ ಗಾತ್ರ. ಕಾಂಡ್ರೂಲ್ ಅಂತಾರೆ. ಇವೇ ಸೇರಿ ಸೇರಿ ಕಲ್ಲಾಗಿ, ಬೆಟ್ಟವಾಗಿ, ಕೊನೆಗೆ ಗ್ರಹಗಳಾದವು. ಭೂಮಿ ಅನ್ನೋದು ಬೆಂದ ಮುದ್ದೆ. ಅದನ್ನು ಮುರಿದು ನೋಡಿ ಯಾವ ಹೊಲದ ರಾಗಿ, ಯಾವ ಮಳೆಗೆ ಬೆಳೆದಿದ್ದು ಅಂತ ಹೇಳೋಕೆ ಆಗುತ್ತಾ? ಮಧುಗಿರಿ ಬೆಟ್ಟದ ಗ್ರಾನೈಟೇ ಸುಮಾರು 250 ಕೋಟಿ ವರ್ಷದ್ದು. ಅದಕ್ಕೂ 200 ಕೋಟಿ ವರ್ಷ ಹಿಂದಿನ ಕಥೆ ಭೂಮಿಯ ಬಂಡೆಯಲ್ಲಿ ಉಳಿದಿಲ್ಲ. ಮದ್ದೂರಿನ ಕಲ್ಲು ಬೆಂದ ಕಾಳು, ಕಾಳಿನ ಅಂಚು ಮಸುಕಾಗಿದೆ. ಬೇಯದೇ ಉಳಿದವು ಮಾತ್ರ ಹಗೇವಿನಲ್ಲಿಟ್ಟ ರಾಗಿ ಇದ್ದ ಹಾಗೆ. ಅವೇ ಆದಿಮ ಉಲ್ಕಾಶಿಲೆಗಳು.

ಅವು ಏನು ಹೇಳಿವೆ ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ.

ಒಂದು, ವಯಸ್ಸು. 1969ರಲ್ಲಿ ಮೆಕ್ಸಿಕೋದ ಅಯೆಂದೆಯಲ್ಲಿ ಬಿದ್ದಂಥ ಕಲ್ಲುಗಳ ಬಿಳಿ ಚುಕ್ಕೆಗಳಿಂದಲೇ ಸೌರವ್ಯೂಹಕ್ಕೆ ಸುಮಾರು 456.7 ಕೋಟಿ ವರ್ಷ ಅಂತ ನಾವು ಲೆಕ್ಕ ಹಾಕಿರೋದು.

ಎರಡು, ಬೇಯಿಸಿದ ಬೆಂಕಿ ಯಾವುದು ಅನ್ನೋದು. ಅಲ್ಯೂಮಿನಿಯಂ-26 ಅನ್ನುವ ವಿಕಿರಣಶೀಲ ಧಾತು ಏಳು ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕರಗಿ ಹೋಗುತ್ತೆ. ಬೇಗ ಕೂಡಿಕೊಂಡ ಕಲ್ಲುಗಳಿಗೆ ಅದರ ಶಾಖ ಜೋರಾಗಿ ಸಿಕ್ಕಿತು, ತಡವಾಗಿ ಕೂಡಿಕೊಂಡವಕ್ಕೆ ಕಡಿಮೆ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನಿನಲ್ಲಿ ಬಿದ್ದ, ಪೂರ್ತಿ ಕರಗಿ ಹೆಪ್ಪುಗಟ್ಟಿದ ಕಲ್ಲಿನಲ್ಲಿ ಇದರ ಗುರುತನ್ನು 1999ರಲ್ಲಿ ತೋರಿಸಿದ್ದು ನಮ್ಮವರೇ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು.

ಮೂರು, ಗುರು ಗ್ರಹ. ಉಲ್ಕಾಶಿಲೆಗಳಲ್ಲಿ ಎರಡು ಬೇರೆ ಬೇರೆ ವಂಶಗಳಿವೆ, ಒಂದಕ್ಕೊಂದು ಬೆರೆತಿಲ್ಲ. ಗುರು ಮೊದಲ ಹತ್ತು ಲಕ್ಷ ವರ್ಷದೊಳಗೇ ದೊಡ್ಡದಾಗಿ ಮಧ್ಯೆ ಗೋಡೆಯ ಹಾಗೆ ನಿಂತಿತು ಅಂತ 2017ರ ಒಂದು ಅಧ್ಯಯನ ವಾದಿಸಿತು. ಒಂದು ಹಿಡಿ ಕಲ್ಲಿನಿಂದ ಗುರುವಿನ ಜಾತಕ!

ಈಗ ಅಸಲು ವಿಷಯಕ್ಕೆ ಬರ್ತೀನಿ. ಜಪಾನಿನ ಹಯಬುಸಾ-2 ನೌಕೆ ಆರು ವರ್ಷ ಸುತ್ತಾಡಿ, 2020ರ ಡಿಸೆಂಬರಿನಲ್ಲಿ ರ್ಯೂಗು ಅನ್ನುವ ಕ್ಷುದ್ರಗ್ರಹದಿಂದ ಸುಮಾರು 5.4 ಗ್ರಾಂ ಮಣ್ಣು ತಂತು. ಪರೀಕ್ಷೆ ಮಾಡಿದರೆ ಅದು ಸಿಐ ಅನ್ನುವ ಅಪರೂಪದ ಉಲ್ಕಾಶಿಲೆಗಳ ಜಾತಿಗೆ ಹತ್ತಿರ. ಹಗುರ ಅನಿಲಗಳನ್ನು ಬಿಟ್ಟರೆ ಸೂರ್ಯನಲ್ಲಿರುವ ಧಾತುಗಳೇ, ಅದೇ ಪ್ರಮಾಣದಲ್ಲಿ ಇದರಲ್ಲಿವೆ. ಆ ಜಾತಿಯದೇ ಒಂದು 1911ರ ಜನವರಿ 22ರಂದು ರಾಜಸ್ಥಾನದ ಟೋಂಕ್‌ನಲ್ಲಿ ತಾನಾಗೇ ಬಂದು ಬಿದ್ದಿತ್ತು. ಉಳಿದದ್ದು ಎಷ್ಟು? 7.7 ಗ್ರಾಂ. ಒಂದು ಚಮಚ ಸಕ್ಕರೆಗಿಂತ ತುಸು ಜಾಸ್ತಿ, ಅಷ್ಟೇ.

ಯಾಕೆ ಇಷ್ಟು ಕಮ್ಮಿ ಅಂದರೆ, ಈ ಜಾತಿಯ ಕಲ್ಲು ಬಹಳ ಮೆದು. ಗಾಳಿಯಲ್ಲೇ ಒಡೆದು ಪುಡಿಯಾಗುತ್ತೆ, ನೆಲಕ್ಕೆ ಬಂದರೂ ಒಂದು ಮಳೆ ಬಂದರೆ ಹಾಳಾಗಲು ಶುರು. ಅದಕ್ಕೇ ನಾನು ಹೇಳೋದು, ಇಲ್ಲಿ ನಿಜವಾದ ಸಂಗ್ರಹಕಾರ ವಿಜ್ಞಾನಿಯಲ್ಲ. ಮೊದಲು ಅಲ್ಲಿಗೆ ಹೋದ ಸಾಮಾನ್ಯ ಮನುಷ್ಯ. 2000ದ ಜನವರಿಯಲ್ಲಿ ಕೆನಡಾದ ಟ್ಯಾಗಿಶ್ ಸರೋವರದ ಹಿಮದ ಮೇಲೆ ಬಿದ್ದ ಚೂರುಗಳನ್ನು ಅಲ್ಲಿನ ನಿವಾಸಿಯೊಬ್ಬರು ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರು. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಒಂದು ಮನೆಯ ಮುಂದೆ ಬಿದ್ದ ಕಪ್ಪು ಪುಡಿಯನ್ನು ಮನೆಯವರು ಬೆಳಿಗ್ಗೆಯೇ ಎತ್ತಿಟ್ಟರು. ಅದರೊಳಗಿನ ನೀರಿನ ಲಕ್ಷಣ ಭೂಮಿಯ ನೀರಿಗೆ ಬಹಳ ಹತ್ತಿರ ಅಂತ ತಿಳಿದದ್ದು ಆ ಮನೆಯವರ ಪುಣ್ಯದಿಂದ. ಕುಣಿಗಲ್ ಕೆರೆಯ ನೀರಿನಲ್ಲೂ ಒಂದಷ್ಟು ಪಾಲು ಇಂಥ ಕಲ್ಲುಗಳೇ ಹೊತ್ತು ತಂದದ್ದಿರಬಹುದು. ನಮ್ಮಲ್ಲೂ 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದ ಹೊಲದಲ್ಲಿ ಇಂಥದ್ದೇ ಇದ್ದಿಲಿನಂಥ ಕಲ್ಲು, ಸುಮಾರು ಎರಡು ಕೆಜಿ, ಬಿತ್ತು. ರಾಜಸ್ಥಾನಕ್ಕೆ ಇನ್ನೂ ಮುಂಗಾರು ಬಂದಿರಲಿಲ್ಲ. ಇನ್ನೊಂದು ತಿಂಗಳು ತಡವಾಗಿ ಬಿದ್ದಿದ್ದರೆ?

ಇನ್ನೊಂದು ಮಾತು. ಅನುಮಾನದ ಕಲ್ಲು ಸಿಕ್ಕರೆ ನಾವು ಮೊದಲು ಮಾಡೋದು ಆಯಸ್ಕಾಂತ ಹಚ್ಚೋದು. ದಯವಿಟ್ಟು ಹಚ್ಚಬೇಡಿ. ಹುಟ್ಟಿದಾಗಿನ ಕಾಂತಕ್ಷೇತ್ರದ ನೆನಪು ಅದರೊಳಗೆ ಕೂತಿರುತ್ತೆ, ನಮ್ಮ ಆಯಸ್ಕಾಂತ ಅದನ್ನು ಅಳಿಸಿಹಾಕುತ್ತೆ. ಮಂಗಳನ "ಬ್ಲ್ಯಾಕ್ ಬ್ಯೂಟಿ" ಅನ್ನುವ ಕಲ್ಲಿಗೆ ಹೀಗೇ ಆಗಿದೆ ಅಂತ 2023ರಲ್ಲಿ ಸಂಶೋಧಕರು ತೋರಿಸಿದರು.

"ದುಡ್ಡು ಸಿಗದಿದ್ರೆ ಯಾರು ಹುಡುಕ್ತಾರೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಹಾರಾ ಮರುಭೂಮಿಯ ಅಲೆಮಾರಿಗಳು ಹುಡುಕಿ ಮಾರಿದ್ದರಿಂದಲೇ ಸಾವಿರಾರು ಉಲ್ಕಾಶಿಲೆಗಳು ಬೆಳಕಿಗೆ ಬಂದವು. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಎಲ್ಲಿ ಸಿಕ್ಕಿತು ಅನ್ನೋದೇ ಗೊತ್ತಿಲ್ಲ. ನಮ್ಮಲ್ಲಂತೂ ದುಡ್ಡಿನ ಆಸೆ ಕಲ್ಲನ್ನು ಅಟ್ಟಕ್ಕೆ ಹತ್ತಿಸಿ, ಕಳ್ಳರನ್ನು ಮನೆಗೆ ಕರೆಸಿದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕಲ್ಲು ನಿಜವಾದದ್ದಾದರೆ ಸಿಕ್ಕವರಿಗೆ ಸರ್ಕಾರವೇ ಬಹಿರಂಗವಾಗಿ ಒಂದು ಬಹುಮಾನ ಕೊಡಲಿ, ಒಂದು ತುಂಡು ಜಿಲ್ಲೆಯಲ್ಲೇ ನೋಡಲು ಸಿಗಲಿ. ಗುಬ್ಬಿ, ಕುಣಿಗಲ್ಲಿನ ಹೈಸ್ಕೂಲು ಮಕ್ಕಳಿಗೆ ಒಂದು ಪೀರಿಯಡ್ ಇದನ್ನು ಹೇಳಿಕೊಡಲಿ. ಮಕ್ಕಳಿಗೆ ಗೊತ್ತಾದರೆ ಮನೆಗೆ ಗೊತ್ತಾದ ಹಾಗೆ.

ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ. ಎತ್ತುವ ಮೊದಲು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಜಾಗ ಗುರುತಿಸಿಕೊಳ್ಳಿ. ಬರಿಗೈ ಬೇಡ, ತೊಳೆಯೋದು ಬೇಡ, ಅರಿಶಿನ ಕುಂಕುಮ ಎಣ್ಣೆ ಬೇಡ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ಮಳೆಗೆ ಮುಂಚೆ ತಹಶೀಲ್ದಾರರಿಗೋ ಬೆಂಗಳೂರು ಕುಮಾರಸ್ವಾಮಿ ಲೇಔಟಿನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೋ ತಿಳಿಸಿ. ಉಲ್ಕಾಶಿಲೆಗೆ ಬಿದ್ದ ಊರಿನ ಹೆಸರನ್ನೇ ಇಡುತ್ತಾರೆ. ನಿಮ್ಮ ಹಳ್ಳಿಯ ಹೆಸರು ಶಾಶ್ವತವಾಗಿ ಉಳಿಯುತ್ತೆ. ಸ್ಪೆಲ್ಲಿಂಗ್ ಮಾತ್ರ ನೀವೇ ನಿಂತು ಬರೆಸಿ, ಮದ್ದೂರಿಗಾದ ಗತಿ ಆಗೋದು ಬೇಡ :)

ಇಷ್ಟೆಲ್ಲ ಮಾವನಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಇದನ್ನ ಬಿಸಾಕ್ಲಾ?" ಅಂದರು. ಬೇಡ ಮಾವ, ನಮ್ಮ ಹಿರೀಕರು ಕಬ್ಬಿಣ ಮಾಡಿದ ಗುರುತು, ಇರಲಿ ಅಂದೆ. ಟವೆಲಿನಲ್ಲಿ ಮತ್ತೆ ಸುತ್ತಿಟ್ಟರು. ಬಸ್ಸಿಗೆ ಬಿಡಲು ಬಂದಾಗ ಏನೋ ನೆನಪಾದವರಂತೆ, "ಹೋದ್ ವರ್ಷ ತೋಟದ ಬದುವಿನಲ್ಲಿ ಒಂದಷ್ಟು ಇದ್ದಿಲು ಬಿದ್ದಿತ್ತು ಕಣಪ್ಪ, ಯಾರು ಹಾಕಿದ್ರೋ ಅಂತ ಕಾಲಲ್ಲಿ ತಳ್ಳಿದ್ದೆ" ಅಂದರು.

ಅದು ಇದ್ದಿಲೇ ಇರಬೇಕು. ಇದ್ದಿಲೇ ಆಗಿರಲಿ ಅಂತ ಬಸ್ಸಿನುದ್ದಕ್ಕೂ ಬೇಡಿಕೊಂಡು ಬಂದೆ.