ಸಾಕಿದ ಋಣ ಯಾರದು?

ಕಳೆದ ತಿಂಗಳು ನಮ್ಮ ಜನ್ನಾಪುರದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಬಹುಕಾಲ ಮಕ್ಕಳಿಲ್ಲದಿದ್ದ ದಂಪತಿಗಳು ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡಿದ್ದರು. ತೊಟ್ಟಿಲ ಶೃಂಗಾರ, ಹೋಳಿಗೆಯ ಊಟ, ಎಲ್ಲವೂ ಸೊಗಸಾಗಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, "ಎಂಥ ಪುಣ್ಯವಂತೆ ನೋಡಿ ಮೇಷ್ಟ್ರೇ! ಎಲ್ಲಿ ಹುಟ್ಟಿತೋ, ಯಾರು ಹೆತ್ತರೋ. ಈ ಋಣವನ್ನು ಜನ್ಮವೆಲ್ಲ ತೀರಿಸಬೇಕು ಅದು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ನನಗೆ ತುತ್ತು ಇಳಿಯಲಿಲ್ಲ. ತೊಟ್ಟಿಲಲ್ಲಿ ಮಲಗಿರುವ ಕೂಸಿನ ಹೆಸರಿಗೆ ಆಗಲೇ ಒಂದು ಸಾಲಪತ್ರ ಬರೆದಾಯಿತಲ್ಲ!

ಆಗ ನನಗೆ ನೆನಪಾದವಳು, ನಾನು ಕಣ್ಣಾರೆ ಕಾಣದ, ಪತ್ರಿಕೆಗಳಲ್ಲಿ ಮಾತ್ರ ಓದಿದ ಒಬ್ಬ ತರುಣ ತಾಯಿ. ಅವಳ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. 1989ರಲ್ಲಿ ಮುಂಬಯಿಯ ಅನಾಥಾಲಯವೊಂದರಿಂದ ಏಳೆಂಟು ವರ್ಷದ ಹುಡುಗಿಯಾಗಿ ಅವಳು ಅಮೆರಿಕಕ್ಕೆ ಹೋದಳು. ಅಂದೂ ಯಾರಾದರೂ ಅವಳನ್ನು "ಪುಣ್ಯವಂತೆ" ಎಂದಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ತನಗೆ ಕಿರುಕುಳವಾಯಿತೆಂದೂ, ತಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತಲೇ ಇರಬೇಕಾಯಿತೆಂದೂ ಅವಳು ಮುಂದೆ ಹೇಳಿಕೊಂಡಳು. ಬೆಳೆದಳು, ಮದುವೆಯಾದಳು, ಎರಡು ಮಕ್ಕಳ ತಾಯಾದಳು. ಮಾದಕ ವಸ್ತುವಿನ ಪ್ರಕರಣವೊಂದರಲ್ಲಿ ಅಪರಾಧಿಯೆನಿಸಿಕೊಂಡಳು. ಆಗ ಹೊರಬಿದ್ದ ಸಂಗತಿ ಇದು: ಅವಳನ್ನು ಕರೆದೊಯ್ದವರಾರೂ ಅವಳ ಪೌರತ್ವದ ಕಾಗದಗಳನ್ನು ಪೂರೈಸಿರಲೇ ಇಲ್ಲ! 2008ರಲ್ಲಿ ಅಮೆರಿಕ ಸರ್ಕಾರ ಅವಳನ್ನು ಗಡೀಪಾರು ಮಾಡಿತು. ಗಂಡ, ಮಕ್ಕಳು ಅಲ್ಲಿ. ಹತ್ತೊಂಬತ್ತು ವರ್ಷಗಳ ಹಿಂದೆ ಬಿಟ್ಟುಹೋದ ಮುಂಬಯಿಯಲ್ಲಿ ತಾಯಿ ಒಬ್ಬಳೇ. ನ್ಯಾಯ ಬೇಡಿ ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದಳು.

ಅಮೆರಿಕದಲ್ಲಿ ಇದಕ್ಕೊಂದು ಪರಿಹಾರ ಮಾಡಿರಲಿಲ್ಲವೆಂದಲ್ಲ. ವಿದೇಶದಿಂದ ತಂದ ದತ್ತುಮಕ್ಕಳಿಗೆ ತಾನಾಗಿ ಪೌರತ್ವ ಕೊಡುವ ಕಾನೂನು 2000ದಲ್ಲಿ ಬಂದಿತು. 2001ರ ಫೆಬ್ರವರಿ 27ರಿಂದ ಜಾರಿಯಾಯಿತು. ಆದರೆ ಆ ದಿನಕ್ಕೆ ಹದಿನೆಂಟು ತುಂಬಿದವರಿಗೆ ಅದು ಅನ್ವಯಿಸಲಿಲ್ಲ. ಹದಿನೇಳರವನು ಮನೆಮಗ, ಹತ್ತೊಂಬತ್ತರವಳು ಪರಕೀಯಳು! ಅವಳ ಪಾಡು ಅವಳೊಬ್ಬಳದೂ ಅಲ್ಲ. ಕೊರಿಯದಿಂದ ಮಕ್ಕಳಾಗಿ ಅಮೆರಿಕಕ್ಕೆ ಹೋಗಿ, ಮಕ್ಕಳೊಂದಿಗರಾದ ಮೇಲೆ ಹೊರದೂಡಲ್ಪಟ್ಟವರೂ ಉಂಟು.

"ಅವಳು ತಪ್ಪು ಮಾಡಿದಳಲ್ಲ, ಅದಕ್ಕೇನು ಹೇಳುತ್ತೀರಿ?" ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ತಪ್ಪಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹೆತ್ತ ಮಗಳು ತಪ್ಪು ಮಾಡಿದರೆ ಸೆರೆಮನೆಗೆ ಹೋಗುತ್ತಾಳೆ, ಶಿಕ್ಷೆ ಮುಗಿಸಿ ಮನೆಗೆ ಬರುತ್ತಾಳೆ. ಅವಳ ಮಗಳುತನವನ್ನು ಯಾವ ನ್ಯಾಯಾಧೀಶನೂ ಕಿತ್ತುಕೊಳ್ಳಲಾರ. ಈ ತಾಯಿಗಾದರೋ ತಪ್ಪಿನ ಶಿಕ್ಷೆಯ ಮೇಲೆ ಇನ್ನೊಂದು ಶಿಕ್ಷೆಯಾಯಿತು. ಹುಟ್ಟಿದ ಊರಿನ ಶಿಕ್ಷೆ. ಮಗು ನಿಜವಾಗಿ ನಮ್ಮದಾಯಿತೆಂಬುದಕ್ಕೆ ಒರೆಗಲ್ಲು, ಅದು ಬಹುಮಾನ ತಂದ ದಿನವಲ್ಲ, ತಪ್ಪು ಮಾಡಿ ಬಾಗಿಲಲ್ಲಿ ನಿಂತ ದಿನ. ಒಳ್ಳೆಯವಳಾಗಿರುವ ತನಕ ಮಾತ್ರ ಮಗಳೆಂದರೆ ಅವಳು ಮಗಳಲ್ಲ, ಅತಿಥಿ.

ನಾನು ಕನ್ನಡ ಪಾಠ ಹೇಳುವವನು. ತರಗತಿಯಲ್ಲಿ ಪಂಪನ ಕರ್ಣ ಬಂದಾಗಲೆಲ್ಲ ಅವನ ಕೃತಜ್ಞತೆಯನ್ನು ಹೊಗಳಿ ಹೊಗಳಿ ನಮ್ಮ ಗಂಟಲು ಒಣಗಿದೆ. ಉಂಡ ಅನ್ನದ ಋಣಕ್ಕೆ ಪ್ರಾಣ ತೆತ್ತವನೆಂದು ಹುಡುಗರೂ ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ. ಆದರೆ ಕರ್ಣನಿಗೆ ಲೋಕವು ಎಷ್ಟು ಬಾಕಿ ಉಳಿಸಿಕೊಂಡಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಸುವುದಿಲ್ಲ. ಗಂಗೆಯಲ್ಲಿ ತೇಲಿಬಿಟ್ಟದ್ದು ಅವನ ಅಪರಾಧವೆ? ರಂಗಭೂಮಿಯಲ್ಲಿ ಅವನು ಬಿಲ್ಲು ಹಿಡಿದು ನಿಂತಾಗ, ಬಾಣ ಹೇಗೆ ಬಿಡುತ್ತೀಯೆಂದು ಕೇಳದೆ, ನಿನ್ನ ಕುಲ ಯಾವುದೆಂದು ಕೇಳಿದರು. ಆ ತಾಯಿಯನ್ನು ವಿಮಾನ ಹತ್ತಿಸಿದವರು ಕೇಳಿದ್ದೂ ಅದನ್ನೇ. ರಾಧೆಯೊಬ್ಬಳೇ ಏನನ್ನೂ ಕೇಳಲಿಲ್ಲ. ಅದಕ್ಕೇ ಅವನು ಕೊನೆಯವರೆಗೂ ರಾಧೇಯ.

ನಮ್ಮ ಭದ್ರಾವತಿಯ ಜನಕ್ಕೆ ಕಾಗದದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ತಮಿಳು, ತೆಲುಗು, ಮಲಯಾಳ ಸೀಮೆಗಳಿಂದ ಬಂದವರನ್ನೆಲ್ಲ ತನ್ನವರನ್ನಾಗಿ ಮಾಡಿಕೊಂಡ ಊರು ಇದು. ನನ್ನ ತಂದೆ ತಮ್ಮ ನೇಮಕದ ಆಜ್ಞೆಯನ್ನು ಟ್ರಂಕಿನ ತಳದಲ್ಲಿ, ಅಮ್ಮನ ಧಾರೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಆ ಒಂದು ಹಾಳೆಯ ಮೇಲೆ ಇಡೀ ಸಂಸಾರ ನಿಂತಿದೆಯೆಂದು ಅವರಿಗೆ ಗೊತ್ತಿತ್ತು. ಪ್ರೀತಿ ದೊಡ್ಡದು, ಕಾಗದ ಸಣ್ಣದು ಎನ್ನುವವರು ಈ ತಾಯಿಯ ಕಥೆಯನ್ನು ಓದಲಿ. ತನ್ನ ಮೇಲೆ ಅವಲಂಬಿಸಿದ ಜೀವಕ್ಕೆ ಕಾಗದ ಮಾಡಿಸಿಕೊಡದ ಪ್ರೀತಿ ಅರ್ಧ ಪ್ರೀತಿ.

ನಮ್ಮ ದೇಶವೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, 1984ರ ಫೆಬ್ರವರಿ 6ರಂದು ಸರ್ವೋಚ್ಚ ನ್ಯಾಯಾಲಯ ವಿದೇಶೀ ದತ್ತುವಿಗೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತೀರ್ಪು ಅದು. ಮೊದಲು ದೇಶದೊಳಗೇ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಕಳುಹಿಸಿ ಎಂಬುದು ಅದರ ತಿರುಳು. ನಮ್ಮ ಈ ಹುಡುಗಿ ಹೋದದ್ದು ಆ ತೀರ್ಪು ಬಂದ ಐದು ವರ್ಷಕ್ಕೆ! ನಿಯಮವಿತ್ತು; ಕಾಯುವವರಿರಲಿಲ್ಲ. ಕೇಂದ್ರದ ದತ್ತು ಪ್ರಾಧಿಕಾರ ಹುಟ್ಟಿದ್ದು 1990ರಲ್ಲಿ. ಹೇಗ್ ಒಪ್ಪಂದಕ್ಕೆ ಭಾರತ ಬದ್ಧವಾದದ್ದು 2003ರಲ್ಲಿ. ಇಂದು ನಿಯಮಗಳು ಬಿಗಿಯಾಗಿವೆ, ಸಂತೋಷ. ಆದರೂ ಹೊರದೇಶಕ್ಕೆ ಹೋದ ಮಗುವಿನ ಕ್ಷೇಮವನ್ನು ವಿಚಾರಿಸಬೇಕಾದ ಅವಧಿ ಎರಡೇ ವರ್ಷ. ಏಳರಲ್ಲಿ ಹೋದವಳಿಗೆ ಕಷ್ಟ ಬಂದದ್ದು ಇಪ್ಪತ್ತು ದಾಟಿದ ಮೇಲೆ. ಮದುವೆ ಮಾಡಿಕೊಟ್ಟ ಮಗಳನ್ನೂ ತವರು ಎರಡೇ ವರ್ಷಕ್ಕೆ ಮರೆಯುವುದಿಲ್ಲ. ಕಳುಹಿಸಿದ ದೇಶ ಆ ಮಗುವಿಗೆ ತವರಲ್ಲವೆ? ಪೌರತ್ವದ ಪತ್ರ ಕೈಗೆ ಬಂದಿತೆ ಎಂದು ವಿಚಾರಿಸಿ ದಾಖಲಿಸುವ ತನಕ ತವರಿನ ಹೊಣೆ ತೀರಕೂಡದು ಎಂಬುದು ನನ್ನ ವಾದ.

ದತ್ತು ಬೇಡವೆಂದು ನಾನು ಹೇಳಿದೆನೆಂದು ಯಾರೂ ತಿಳಿಯದಿರಲಿ. ಮನೆಯಿಲ್ಲದ ಮಗುವಿಗೆ ಮನೆ ಕೊಡುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಆದರೆ ಅದು ದಾನವಲ್ಲ. ದಾನ ಕೊಟ್ಟವನು ಕೈ ತೊಳೆದುಕೊಂಡು ಹೋಗಬಹುದು. ದತ್ತು ತೆಗೆದುಕೊಂಡವನು ಹೋಗುವಂತಿಲ್ಲ. ಮಗು ತನ್ನನ್ನು ಕರೆದುಕೊಂಡು ಹೋಗಿರೆಂದು ಅರ್ಜಿ ಹಾಕಿರಲಿಲ್ಲ. ಅರ್ಜಿ ಹಾಕಿದವರು ನಾವು. ಋಣವಿದ್ದರೆ ಅದು ನಮ್ಮದು.

ಅಂದು ಪಂಕ್ತಿಯಲ್ಲಿ ಆ ಹಿರಿಯರಿಗೆ ಇಷ್ಟೆಲ್ಲ ಹೇಳುವ ಧೈರ್ಯ ನನಗಾಗಲಿಲ್ಲ. ಕೈತೊಳೆದು ಬಂದು ತೊಟ್ಟಿಲ ಬಳಿ ನಿಂತೆ. ಮಗುವಿನ ತಾಯಿ ನಗುತ್ತ, "ಆಶೀರ್ವಾದ ಮಾಡಿ ಸಾರ್" ಎಂದಳು. "ಪತ್ರಗಳೆಲ್ಲ ಆದವೇನಮ್ಮ?" ಎಂದು ಕೇಳಿದೆ. ಇದೆಂಥ ಆಶೀರ್ವಾದವೆಂದು ಅವಳಿಗೆ ಆಶ್ಚರ್ಯವಾಗಿರಬೇಕು. "ಎಲ್ಲ ಆಗಿದೆ ಸಾರ್, ಬೀರುವಿನಲ್ಲಿ ಭದ್ರವಾಗಿದೆ" ಎಂದಳು. ಆಗ ಮಗುವಿನ ತಲೆಯ ಮೇಲೆ ಅಕ್ಷತೆ ಹಾಕಿದೆ.